ರಕ್ತದ ಹನಿಯಲ್ಲೊಂದು ಅಯಸ್ಕಾಂತ



ಅಯಸ್ಕಾಂತದ ತುಂಡೊಂದನ್ನು ಮರಳಿನಲ್ಲಿ ಹೊರಳಿಸಿ ಆಟವಾಡದ ಮಕ್ಕಳು ವಿರಳ. ಹೊಳೆಯ ದಂಡೆಯ ಮರಳಾಗಲಿ, ಶಾಲೆಯ ಅಂಗಳದ ಮಣ್ಣಾಗಲಿ, ಅದರೊಳಗಿಂದ ಕಬ್ಬಿಣದ ಕಪ್ಪು ಪುಡಿ ಮಾತ್ರ ಮೇಲೆದ್ದು ಬಂದು ಅಯಸ್ಕಾಂತದ ತುದಿಗೆ ಮೀಸೆಯಂತೆ ಅಂಟಿಕೊಳ್ಳುತ್ತದೆ. ಉಳಿದ ಮರಳು ಎಷ್ಟೇ ಇದ್ದರೂ ಅಯಸ್ಕಾಂತಕ್ಕೆ ಅದು ಇಲ್ಲದಂತೆಯೇ ಸರಿ. ರಾಶಿಯ ನಡುವಿನಿಂದ ತನಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳುವ ಈ ಗುಣವನ್ನು ವಿಜ್ಞಾನಿಗಳು ಕಳೆದ ಕೆಲವು ದಶಕಗಳಿಂದ ರಕ್ತದ ಹನಿಯೊಂದರಲ್ಲಿ ರೋಗದ ಸುಳಿವನ್ನು ಹುಡುಕಲು ಬಳಸುತ್ತಿದ್ದಾರೆ. ಅದಕ್ಕಾಗಿ ರೂಪುಗೊಂಡಿರುವ, ಅಂಗೈಯಲ್ಲಿ ಹಿಡಿಯಬಹುದಾದ ಕಾಂತೀಯ ಸಂವೇದಕಗಳ ಕುರಿತು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆಂಬುದು ನನ್ನ ಈ ತಿಂಗಳ ಬಯಕೆ.

ಯಂತ್ರಗಳ ವಿಚಾರ ಗುರುಗಳಿಗೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಗಿಲಾಗಿ ರೋಗಿಗಳ ಹಾಸಿಗೆಯ ಬಳಿ ಕುಳಿತು ಬಂದಿರುವ ನನಗೆ ಒಂದು ಸಂಗತಿ ಅನುಭವದಿಂದ ಮನದಟ್ಟಾಗಿದೆ. ಎಷ್ಟೋ ಮಂದಿಯನ್ನು ರೋಗಕ್ಕಿಂತ ಹೆಚ್ಚಾಗಿ ಬಳಲಿಸುವುದು 'ಏನಾಗಿದೆಯೋ ಗೊತ್ತಿಲ್ಲ' ಎಂಬ ಸ್ಥಿತಿ. ರಕ್ತ ಕೊಟ್ಟು ಬಂದ ದಿನದಿಂದ ಫಲಿತಾಂಶ ಕೈಸೇರುವ ದಿನದವರೆಗಿನ ಅವಧಿಯಲ್ಲಿ ಮನೆಯವರೆಲ್ಲರ ಊಟ ನಿದ್ರೆಗಳು ಹಾರಿಹೋಗುತ್ತವೆ. ಈ ಅವಧಿಯನ್ನು ಕುಗ್ಗಿಸುವ ಪ್ರಯತ್ನ ಎಲ್ಲಿ ನಡೆದರೂ ಅದನ್ನು ಆಸಕ್ತಿಯಿಂದ ಗಮನಿಸುವುದು ನನ್ನ ರೂಢಿ.

ಮೊದಲಿಗೆ ಹುಡುಕಾಟದ ಕಷ್ಟವನ್ನು ಅರಿಯೋಣ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮೀಟರು ಇದೆ. ಬೆರಳಿಗೆ ಸೂಜಿ ಚುಚ್ಚಿ, ಪಟ್ಟಿಗೆ ಹನಿ ರಕ್ತ ಮುಟ್ಟಿಸಿದರೆ ಕ್ಷಣಾರ್ಧದಲ್ಲಿ ಅಂಕಿ ಮೂಡುತ್ತದೆ. ಹೀಗಿರುವಾಗ ಉಳಿದ ಪರೀಕ್ಷೆಗಳಿಗೇಕೆ ದೊಡ್ಡ ಪ್ರಯೋಗಾಲಯಗಳು ಬೇಕು? ಕಾರಣ ಪ್ರಮಾಣದಲ್ಲಿದೆ. ಆರೋಗ್ಯವಂತರ ಒಂದು ಲೀಟರ್ ರಕ್ತದಲ್ಲಿ ಸಕ್ಕರೆಯ ಅಂಶ ಸುಮಾರು ಒಂದು ಗ್ರಾಂ ಇರುತ್ತದೆ. ಹೃದಯಾಘಾತವಾದಾಗ ಹೃದಯದ ಸ್ನಾಯುವಿನಿಂದ ಸೋರಿ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನನ್ನಾದರೋ ನ್ಯಾನೋಗ್ರಾಂಗಳಲ್ಲಿ ಅಳೆಯಬೇಕು. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು. ಒಂದು ಲೀಟರಿನಲ್ಲಿ ಇಂತಹ ಕೆಲವು ಹತ್ತು ನ್ಯಾನೋಗ್ರಾಂಗಳಿದ್ದರೂ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ರಾಗಿಯ ಕಣಜದಲ್ಲಿ ಬಿದ್ದ ಒಂದು ಸಾಸಿವೆ ಕಾಳನ್ನು ಹುಡುಕುವುದು ಇದಕ್ಕಿಂತ ಸುಲಭ.

ಇಷ್ಟು ಸೂಕ್ಷ್ಮವಾದುದನ್ನು ಕಾಣಲು ವಿಜ್ಞಾನ ಕಂಡುಕೊಂಡ ಉಪಾಯವೆಂದರೆ ಗುರುತು ಹಚ್ಚುವುದು. ನಮ್ಮ ದೇಹ ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂಬಂತೆ ಪ್ರತಿಯೊಂದು ಪ್ರತಿಕಾಯವೂ ತನ್ನ ಗುರಿಯ ಅಣುವಿಗೆ ಮಾತ್ರ ಅಂಟಿಕೊಳ್ಳುತ್ತದೆ. ಅದಕ್ಕೊಂದು ಗುರುತನ್ನು ಕಟ್ಟಿಬಿಟ್ಟರೆ, ಗುರುತು ಇರುವಲ್ಲಿ ನಾವು ಹುಡುಕುವ ಅಣುವೂ ಇದೆ ಎಂದಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣಶೀಲ ಪರಮಾಣುಗಳನ್ನೇ ಗುರುತಾಗಿ ಬಳಸಿ ರಕ್ತದಲ್ಲಿನ ಇನ್ಸುಲಿನ್ ಪ್ರಮಾಣವನ್ನು ಅಳೆದರು. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1971ರಲ್ಲಿ ಬಣ್ಣ ಬರಿಸುವ ಕಿಣ್ವಗಳು ಗುರುತಾಗಿ ಬಂದವು. ಕೋವಿಡ್ ಕಾಲದಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದ ಪರೀಕ್ಷಾ ಪಟ್ಟಿಯ ಕೆಂಪು ಗೆರೆ ನೆನಪಿದೆಯೇ? ಅಂತಹ ಬಹುತೇಕ ಪಟ್ಟಿಗಳಲ್ಲಿ ಆ ಕೆಂಪು ಬಣ್ಣವನ್ನು ಕೊಡುವುದು ಚಿನ್ನದ ಅತಿಸೂಕ್ಷ್ಮ ಕಣಗಳು.

ಈ ಸಾಲಿಗೆ ಸೇರಿದ ಹೊಸ ಗುರುತೇ ಅಯಸ್ಕಾಂತ. ಇದರಿಂದ ಏನು ಲಾಭ? ಬಣ್ಣ ಮತ್ತು ಬೆಳಕುಗಳನ್ನು ನಂಬಿದ ಪರೀಕ್ಷೆಗಳಿಗೆ ರಕ್ತವೇ ಅಡ್ಡಿಯಾಗುವುದುಂಟು. ರಕ್ತಕ್ಕೆ ತನ್ನದೇ ಬಣ್ಣವಿದೆ, ಅದು ತಿಳಿನೀರಿನಂತೆ ಪಾರದರ್ಶಕವೂ ಅಲ್ಲ. ಆದ್ದರಿಂದಲೇ ಪ್ರಯೋಗಾಲಯದವರು ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತಿಳಿಯನ್ನು ಬೇರ್ಪಡಿಸುತ್ತಾರೆ, ಮತ್ತೆ ಮತ್ತೆ ತೊಳೆಯುತ್ತಾರೆ. ಆದರೆ ಕಾಂತತ್ವದ ಮಟ್ಟಿಗೆ ನಮ್ಮ ದೇಹ ಬಹುಮಟ್ಟಿಗೆ ಮೌನಿ. 'ರಕ್ತದಲ್ಲಿ ಕಬ್ಬಿಣಾಂಶ ಇದೆಯಲ್ಲ?' ಎಂದು ಶಾಲೆಯ ಮಕ್ಕಳು ಕೂಡಲೇ ಕೇಳುತ್ತಾರೆ. ಇದೆ. ವಯಸ್ಕರ ದೇಹದಲ್ಲಿ ಒಟ್ಟು ಮೂರು ನಾಲ್ಕು ಗ್ರಾಂನಷ್ಟು ಕಬ್ಬಿಣವಿರುತ್ತದೆ. ಆದರೆ ಅದು ಮೊಳೆಯ ಕಬ್ಬಿಣದಂತಿರದೆ ಅಣುಗಳೊಳಗೆ ಹುದುಗಿರುತ್ತದೆ. ಆಮ್ಲಜನಕವನ್ನು ಹೊತ್ತ ರಕ್ತವನ್ನು ಅಯಸ್ಕಾಂತ ಆಕರ್ಷಿಸುವುದೇ ಇಲ್ಲವೆಂದೂ, ಆಮ್ಲಜನಕವನ್ನು ಇಳಿಸಿದ ರಕ್ತ ಅತ್ಯಂತ ಕ್ಷೀಣವಾಗಿ ಸೆಳೆಯಲ್ಪಡುವುದೆಂದೂ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿಕೊಟ್ಟಿದ್ದರು. ಹೀಗೆ ಎಲ್ಲವೂ ಮೌನವಾಗಿರುವಲ್ಲಿ ಒಂದು ಪಿಸುಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ. ಸಂತೆಯ ಗದ್ದಲದಲ್ಲಿ ಕೇಳದ ಮಗುವಿನ ಅಳು ನಡುರಾತ್ರಿಯಲ್ಲಿ ಮೂರು ಮನೆಯಾಚೆಗೂ ಕೇಳುವುದಿಲ್ಲವೇ, ಹಾಗೆ.

ಪಿಸುಮಾತು ಇದ್ದರಷ್ಟೇ ಸಾಲದು, ಅದನ್ನು ಕೇಳುವ ಕಿವಿಯೂ ಬೇಕು. ಆ ಕಿವಿ ವೈದ್ಯಶಾಸ್ತ್ರದಿಂದ ಬರಲಿಲ್ಲ, ಭೌತಶಾಸ್ತ್ರದಿಂದ ಬಂತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಸಂಗತಿಯನ್ನು ಕಂಡರು. ಕಬ್ಬಿಣ ಮತ್ತು ಕ್ರೋಮಿಯಂ ಲೋಹಗಳನ್ನು ಕೆಲವೇ ಪರಮಾಣುಗಳ ದಪ್ಪದ ಪದರಗಳಾಗಿ ಒಂದರ ಮೇಲೊಂದು ಹಾಸಿದಾಗ, ಹತ್ತಿರದ ಕಾಂತಕ್ಷೇತ್ರಕ್ಕೆ ತಕ್ಕಂತೆ ಆ ಪದರಗಳ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತಿತ್ತು. 'ಜಯಂಟ್ ಮ್ಯಾಗ್ನೆಟೋರೆಸಿಸ್ಟೆನ್ಸ್' ಎಂದು ಹೆಸರಾದ ಈ ಶೋಧಕ್ಕೆ 2007ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಷ್ಟರೊಳಗೆ ಅದು ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ಗಳನ್ನು ಹೊಕ್ಕಿತ್ತು. 1997ರಿಂದ ಮಾರುಕಟ್ಟೆಗೆ ಬಂದ ಡಿಸ್ಕ್‌ಗಳು ಈ ತತ್ತ್ವದಿಂದಲೇ ದತ್ತಾಂಶವನ್ನು ಓದುತ್ತಿದ್ದವು. ಮರುವರ್ಷವೇ, ಅಂದರೆ 1998ರಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ಡೇವಿಡ್ ಬೇಸೆಲ್ಟ್ ಮತ್ತು ಸಂಗಡಿಗರು ಜೈವಿಕ ಅಣುಗಳ ಪತ್ತೆಗೆ ಇದನ್ನು ಬಳಸಬಹುದೆಂದು ಪ್ರಕಟಿಸಿದರು.

ಈ ಉಪಕರಣ ಕೆಲಸ ಮಾಡುವ ಬಗೆ ಸರಳವಾಗಿದೆ. ಸಂವೇದಕದ ಮೇಲ್ಮೈಯಲ್ಲಿ ಪ್ರತಿಕಾಯಗಳನ್ನು ನೆಟ್ಟಿರುತ್ತಾರೆ. ಅದರ ಮೇಲೆ ರಕ್ತದ ಹನಿ ಬಿದ್ದಾಗ, ಹುಡುಕುತ್ತಿರುವ ಪ್ರೋಟೀನು ಅಲ್ಲಿದ್ದರೆ ಅವುಗಳಿಗೆ ಸಿಕ್ಕಿಬೀಳುತ್ತದೆ. ಅದರ ಬೆನ್ನಿಗೆ ಇನ್ನೊಂದು ಪ್ರತಿಕಾಯದ ಮೂಲಕ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣ ಬಂದು ಕುಳಿತುಕೊಳ್ಳುತ್ತದೆ. ಈ ಕಣಗಳದ್ದು ವಿಚಿತ್ರ ಸ್ವಭಾವ. ಹೊರಗಿನ ಕಾಂತಕ್ಷೇತ್ರವಿರುವಾಗ ಮಾತ್ರ ಅವು ಅಯಸ್ಕಾಂತಗಳಂತೆ ವರ್ತಿಸುತ್ತವೆ. ಅದನ್ನು ತೆಗೆದೊಡನೆ ತಮ್ಮ ಕಾಂತತ್ವವನ್ನು ಮರೆತುಬಿಡುತ್ತವೆ. ಹೀಗಾಗಿ ಒಂದಕ್ಕೊಂದು ಅಂಟಿ ಗಂಟಾಗುವುದಿಲ್ಲ. ಕಣ ಬಂದು ಕುಳಿತ ಕೂಡಲೇ ಸಂವೇದಕದ ವಿದ್ಯುತ್ ರೋಧ ತುಸು ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಮೂಡುತ್ತದೆ. ಸೂಕ್ಷ್ಮ ಅಯಸ್ಕಾಂತದ ಪ್ರಭಾವ ದೂರ ಎರಡು ಪಟ್ಟಾದರೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ದ್ರವದಲ್ಲಿ ಸುಮ್ಮನೆ ತೇಲುವ ಕಣಗಳು ಸಂವೇದಕಕ್ಕೆ ತಾಗುವುದೇ ಇಲ್ಲ, ಅವನ್ನು ತೊಳೆದು ತೆಗೆಯುವ ಅಗತ್ಯವೂ ಬೀಳುವುದಿಲ್ಲ.

2009ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ವಾಂಗ್ ಅವರ ತಂಡ, ರಕ್ತದ ತಿಳಿ, ಮೂತ್ರ, ಲಾಲಾರಸ ಹೀಗೆ ದ್ರವ ಯಾವುದಾದರೂ ಇಂತಹ ಸಂವೇದಕದ ಫಲಿತಾಂಶ ಏರುಪೇರಾಗದು ಎಂದು ತೋರಿಸಿತು. 2011ರಲ್ಲಿ ಅದೇ ತಂಡದ ರಿಚರ್ಡ್ ಗ್ಯಾಸ್ಟರ್ ಮತ್ತು ಡ್ರ್ಯೂ ಹಾಲ್ ಇದೆಲ್ಲವನ್ನೂ ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಪೆಟ್ಟಿಗೆಯಲ್ಲಿ ಅಡಕಗೊಳಿಸಿ 'ನ್ಯಾನೋಲ್ಯಾಬ್' ಎಂದು ಕರೆದರು. ಅದೇ ವರ್ಷ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಎಂಆರ್‌ಐ ಯಂತ್ರದ ತತ್ತ್ವವನ್ನೇ ಅತಿ ಚಿಕ್ಕದಾಗಿಸಿದ ಉಪಕರಣವೊಂದನ್ನು ಹೊಟ್ಟೆಯ ಗಡ್ಡೆಗಳಿದ್ದ 50 ರೋಗಿಗಳಲ್ಲಿ ಪರೀಕ್ಷಿಸಿದರು. ಸೂಜಿಯಿಂದ ತೆಗೆದ ಜೀವಕೋಶಗಳನ್ನು ಕಾಂತೀಯ ಕಣಗಳಿಂದ ಗುರುತಿಸಿ, ಒಂದು ಗಂಟೆಯೊಳಗೆ ಕ್ಯಾನ್ಸರಿನ ಸುಳಿವನ್ನು ಅರಿಯಲು ಅವರಿಗೆ ಸಾಧ್ಯವಾಯಿತು. 2017ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೊಂದು ಇನ್‌ಫ್ಲುಯೆಂಜಾ ವೈರಾಣುವಿನ ಪತ್ತೆಗಾಗಿ ಕೈಯಲ್ಲಿ ಹಿಡಿಯುವ ಕಾಂತೀಯ ಉಪಕರಣವನ್ನು ಪ್ರಕಟಿಸಿತು.

ಇದೆಲ್ಲ ದೂರದ ದೇಶಗಳ ಮಾತಾಯಿತು. ನನಗೆ ಇದು ಹತ್ತಿರದ ವಿಚಾರವೇಕೆ ಎಂಬುದನ್ನು ಹೇಳುತ್ತೇನೆ. ಸುಮಾರು ಹತ್ತು ವರ್ಷಗಳ ಹಿಂದೆ ನಾನು ಮಲೆನಾಡಿನ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದೆ. ಕಾಫಿ ತೋಟದ ಲೈನ್ ಮನೆಯಲ್ಲಿದ್ದ, ಐವತ್ತು ದಾಟದ ಕಾರ್ಮಿಕನೊಬ್ಬನಿಗೆ ರಾತ್ರಿಯೂಟದ ನಂತರ ಎದೆ ಹಿಡಿದಂತಾಯಿತು. ವಾಯುವಿರಬೇಕೆಂದು ಹೆಂಡತಿ ಶುಂಠಿ ಕಷಾಯ ಕೊಟ್ಟಳು. ನೋವು ಇಳಿಯದಿದ್ದಾಗ ತೋಟದ ಜೀಪಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿದ್ದ ಯುವ ವೈದ್ಯರು ಶ್ರದ್ಧೆಯಿಂದಲೇ ನೋಡಿದರು. ಇಸಿಜಿಯಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ. ರಕ್ತಪರೀಕ್ಷೆ ಮಾಡಿದರೆ ಖಚಿತವಾಗಿ ಹೇಳಬಹುದು, ಆದರೆ ಅದು ಜಿಲ್ಲಾ ಕೇಂದ್ರದಲ್ಲಿ ಮಾತ್ರ ಆಗುತ್ತದೆ ಎಂದರು. ಘಟ್ಟದ ತಿರುವುಗಳಲ್ಲಿ ಎರಡು ಗಂಟೆಯ ದಾರಿ. ರಾತ್ರಿಯ ವಾಹನದ ಬಾಡಿಗೆ, ನಾಳೆಯ ಕೂಲಿ, ಮನೆಯಲ್ಲಿ ಮಲಗಿದ್ದ ಮಕ್ಕಳು, ಇವನ್ನೆಲ್ಲ ಅವನು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದುದು ಅವನ ಮುಖದಲ್ಲಿ ಕಾಣುತ್ತಿತ್ತು. "ಸ್ವಾಮಿ, ಈಗ ಸ್ವಲ್ಪ ಕಡಿಮೆ ಅನ್ನಿಸ್ತದೆ, ಬೆಳಿಗ್ಗೆ ನೋಡುವ" ಎಂದ. ನಾವು ಒತ್ತಾಯಿಸಿ ಕರೆದೊಯ್ದೆವು. ಬೆಳಗಿನ ಜಾವಕ್ಕೆ ಫಲಿತಾಂಶ ಬಂತು. ಹೃದಯಾಘಾತವೇ ಆಗಿತ್ತು. ಅವನು ಬದುಕಿಕೊಂಡ. ಆದರೆ ಹೃದಯದ ಒಂದು ಭಾಗ ಅಷ್ಟರಲ್ಲೇ ಸೋತಿತ್ತು. ಏಣಿ ಹತ್ತಿ ಮರಗಸಿ ಮಾಡುತ್ತಿದ್ದವನು ಮುಂದೆ ಅಂಗಳ ಗುಡಿಸುವಷ್ಟಕ್ಕೇ ದಣಿಯತೊಡಗಿದ. "ಗೊತ್ತಾಗಲಿಕ್ಕೇ ಇಷ್ಟು ದೂರ ಬರಬೇಕಾಯ್ತಲ್ಲ ಸ್ವಾಮಿ" ಎಂದು ಅವನ ಹೆಂಡತಿ ಆಸ್ಪತ್ರೆಯ ಪಡಸಾಲೆಯಲ್ಲಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ಮಾತನ್ನು ಎದುರಿಗಿಟ್ಟುಕೊಂಡೇ ನಾನು ಈ ಉಪಕರಣಗಳ ಬಗೆಗೆ ಓದುತ್ತೇನೆ. ಆ ತಾಲ್ಲೂಕು ಕೇಂದ್ರದ ಮೇಜಿನ ಮೇಲೆ ಇಂತಹದೊಂದು ಪೆಟ್ಟಿಗೆ ಇದ್ದಿದ್ದರೆ? ಉತ್ತರಿಸುವಾಗ ಪ್ರಾಮಾಣಿಕತೆ ಬೇಕು. ಟ್ರೋಪೋನಿನ್ ರಕ್ತದಲ್ಲಿ ಏರಲು ಕೆಲವು ಗಂಟೆಗಳು ಹಿಡಿಯುತ್ತವೆ. ಆದ್ದರಿಂದ ತೀರಾ ಬೇಗ ಮಾಡಿದ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ವೈದ್ಯರು ಮತ್ತೊಮ್ಮೆ ಪರೀಕ್ಷಿಸುವುದು ಇದೇ ಕಾರಣಕ್ಕೆ. ಇನ್ನು, ಯಂತ್ರ ಎಷ್ಟೇ ಚುರುಕಾಗಿದ್ದರೂ ಕಟ್ಟಿಕೊಂಡ ರಕ್ತನಾಳವನ್ನು ಅದು ತೆರೆಯಲಾರದು. ಅದಕ್ಕೆ ಔಷಧ ಬೇಕು, ಆಂಬುಲೆನ್ಸ್ ಬೇಕು, ಹೃದಯತಜ್ಞರು ಬೇಕು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇತ್ತೀಚಿನ ವರ್ಷಗಳಲ್ಲಿ ಜಾರಿಗೆ ಬಂದಿರುವುದು ಸಮಾಧಾನದ ಸಂಗತಿ. ಇಸಿಜಿಯಲ್ಲಿ ಕಾಣದೆ ಉಳಿಯುವ ಆಘಾತಗಳನ್ನು ಮಾತ್ರ ರಕ್ತವೇ ಹೇಳಬೇಕು. ಆ ಮಾತನ್ನು ಹತ್ತಿರದಲ್ಲೇ ಕೇಳಿಸಿಕೊಳ್ಳುವ ಅನುಕೂಲವಿದ್ದರೆ, 'ಬೆಳಿಗ್ಗೆ ನೋಡುವ' ಎನ್ನುವ ಬಡವನ ಲೆಕ್ಕಾಚಾರಕ್ಕೆ ಎದುರಾಗಿ ವೈದ್ಯರ ಕೈಯಲ್ಲಿ ಖಚಿತವಾದ ಒಂದು ಅಂಕಿಯಾದರೂ ಇರುತ್ತದೆ. ಅಷ್ಟೇ ಸಾಕು, ಒಂದು ಕುಟುಂಬದ ಮುಂದಿನ ದಿನಗಳು ಬೇರೆಯಾಗಬಹುದು.

ಹಾಗೆಂದು ಹೊಸತೆಂಬ ಕಾರಣಕ್ಕೆ ಎಲ್ಲವನ್ನೂ ನಂಬುವುದೂ ತರವಲ್ಲ. ಬೆರಳ ತುದಿಯ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡುತ್ತೇವೆಂದು ಹೇಳಿಕೊಂಡ ಥೆರಾನೋಸ್ ಎಂಬ ಅಮೆರಿಕದ ಸಂಸ್ಥೆಯ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದು ಕಾಂತೀಯ ಸಂವೇದಕಗಳ ಸಂಸ್ಥೆಯಾಗಿರಲಿಲ್ಲ. ಆದರೆ ಅದರ ಪಾಠ ಎಲ್ಲರಿಗೂ ಅನ್ವಯಿಸುತ್ತದೆ. 2015ರಲ್ಲಿ ಪತ್ರಿಕೆಯೊಂದರ ತನಿಖೆಯಿಂದ ಅದರ ಪೊಳ್ಳು ಬಯಲಾಯಿತು, 2018ರಲ್ಲಿ ಸಂಸ್ಥೆ ಮುಚ್ಚಿತು. ಅದರ ಸ್ಥಾಪಕಿ ಹೂಡಿಕೆದಾರರನ್ನು ವಂಚಿಸಿದ ಅಪರಾಧಿಯೆಂದು 2022ರ ಜನವರಿಯಲ್ಲಿ ತೀರ್ಪಾಯಿತು. ಪ್ರಯೋಗಾಲಯದಲ್ಲಿ ಗೆದ್ದ ಉಪಕರಣ ಹಳ್ಳಿಯಲ್ಲಿಯೂ ಗೆಲ್ಲಬೇಕಾದರೆ ದಾಟಬೇಕಾದ ಹೊಳೆಗಳು ಹಲವು. ಪ್ರತಿಕಾಯಗಳು ಬಿಸಿಲಿಗೆ ಕೆಡದಂತೆ ಉಳಿಯಬೇಕು. ಪ್ರತಿ ಪರೀಕ್ಷೆಗೂ ಬೇಕಾದ ಚಿಪ್ಪಿನ ಬೆಲೆ ಬಡವರಿಗೆ ಎಟಕಬೇಕು. ಕೆಟ್ಟಾಗ ರಿಪೇರಿ ಮಾಡುವವರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದು ತೋರುವ ಅಂಕಿ ಸರಿಯೆಂದು ನೂರಾರು ರೋಗಿಗಳಲ್ಲಿ ಮತ್ತೆ ಮತ್ತೆ ಸಾಬೀತಾಗಬೇಕು. ಈ ತಾಳ್ಮೆಯ ಕೆಲಸ ಸುದ್ದಿಯಾಗುವುದಿಲ್ಲ. ಆದರೆ ರೋಗಿಯ ಪ್ರಾಣ ನಿಂತಿರುವುದು ಅದರ ಮೇಲೆಯೇ.

ಇಲ್ಲಿ ಯಾಲೋ ಮತ್ತು ಬರ್ಸನ್ ಅವರನ್ನು ಮತ್ತೊಮ್ಮೆ ಸ್ಮರಿಸಬೇಕು. ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ಅವರು ಅಪಾರ ಹಣ ಗಳಿಸಬಹುದಿತ್ತು. ಅವರು ಪಡೆಯಲಿಲ್ಲ. ಜಗತ್ತಿನ ಯಾವ ಪ್ರಯೋಗಾಲಯವಾದರೂ ಅದನ್ನು ಬಳಸಿಕೊಳ್ಳಲು ದಾರಿ ತೆರೆದೇ ಇತ್ತು. ಎಲ್ಲರಿಂದಲೂ ಇದೇ ತ್ಯಾಗವನ್ನು ನಿರೀಕ್ಷಿಸಲಾಗದು ನಿಜ. ಸಂಶೋಧನೆಗೂ ಹಣ ಬೇಕು. ಆದರೆ ಜ್ಞಾನ ಯಾರಿಗೆ ತಲುಪಬೇಕೆಂಬ ಪ್ರಶ್ನೆಯನ್ನು ಮಾರುಕಟ್ಟೆಯೊಂದಕ್ಕೇ ಬಿಟ್ಟುಕೊಡಲು ಬಾರದು. ಯಾವ ಹಂತದ ಆಸ್ಪತ್ರೆಯಲ್ಲಿ ಯಾವ ಯಾವ ಪರೀಕ್ಷೆಗಳು ಕಡ್ಡಾಯವಾಗಿ ಸಿಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2019ರಲ್ಲಿ ಒಂದು ರಾಷ್ಟ್ರೀಯ ಪಟ್ಟಿಯನ್ನು ಹೊರತಂದಿತು. ಹಳ್ಳಿಯ ಉಪಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ ಎಲ್ಲವೂ ಅದರಲ್ಲಿದೆ. ಔಷಧದಷ್ಟೇ ರೋಗಪತ್ತೆಯೂ ಜನರ ಹಕ್ಕು ಎಂಬ ಭಾವನೆ ಅದರ ಹಿಂದಿದೆ. ಪಟ್ಟಿಯಲ್ಲಿರುವುದು ಮೇಜಿನ ಮೇಲೂ ಇದೆಯೇ ಎಂದು ವಿನಯದಿಂದ, ಆದರೆ ಬಿಡದೆ ಕೇಳುವುದು ನಾಗರಿಕರಾದ ನಮ್ಮ ಹೊಣೆ.

ಇನ್ನೊಂದು ಮಾತು ಉಳಿದಿದೆ. ಹತ್ತು ಹದಿನೈದು ನಿಮಿಷಗಳಲ್ಲಿ ಉತ್ತರ ಬರುವ ಕಾಲವೊಂದು ಬರುತ್ತದೆ ಎಂದೇ ಇಟ್ಟುಕೊಳ್ಳೋಣ. ಆ ಉತ್ತರವನ್ನು ರೋಗಿ ಎಲ್ಲಿ, ಯಾರ ಜೊತೆ ಕುಳಿತು ಕೇಳುತ್ತಾನೆ? ಈಗ ಫಲಿತಾಂಶಕ್ಕಾಗಿ ಕಾಯುವ ದಿನಗಳು ಕ್ರೂರವಾದರೂ ಆ ದಿನಗಳಲ್ಲಿ ಅಣ್ಣತಮ್ಮಂದಿರು ಬಂದು ಸೇರುತ್ತಾರೆ, ನೆರೆಯವರು ಗಂಜಿ ತರುತ್ತಾರೆ, ಮನಸ್ಸು ಒಂದಿಷ್ಟು ಸಿದ್ಧವಾಗುತ್ತದೆ. ಅಂಗೈಯಗಲದ ಪರದೆ ಅಂತಹ ಅವಕಾಶವನ್ನು ಕೊಡದು. ಸಕ್ಕರೆಯ ಅಂಕಿ ಏರಿದ್ದನ್ನು ಮನೆಯವರಿಂದ ಮುಚ್ಚಿಟ್ಟು ಒಳಗೊಳಗೇ ಕೊರಗುವ ಹಿರಿಯರನ್ನು ನಾನು ಕಂಡಿದ್ದೇನೆ. ನಾಳೆ ಕ್ಯಾನ್ಸರಿನ ಅಂಕಿಯೂ ಅಂತಹುದೇ ಏಕಾಂತದಲ್ಲಿ ಮೂಡಿದರೆ? ಅಂಕಿಯ ಅರ್ಥವನ್ನು ವೈದ್ಯರೇ ಹೇಳಬೇಕು. ಅದನ್ನು ಕೇಳಿದವನ ಕೈಹಿಡಿಯುವ ಕೆಲಸಕ್ಕೆ ಮಾತ್ರ ಯಾವ ಪದವಿಯೂ ಬೇಕಿಲ್ಲ. ಮನೆಮನೆಗೆ ನಡೆದು ಹೋಗುವ ಆಶಾ ಕಾರ್ಯಕರ್ತೆಯರು ಇದನ್ನು ಬಲ್ಲರು. ರೋಗಿಗಳನ್ನು ಸಂದರ್ಶಿಸುವ ನಮ್ಮ ಧರ್ಮಕೇಂದ್ರಗಳ ತಾಯಂದಿರೂ ಬಲ್ಲರು. ಪರೀಕ್ಷೆಗಳು ವೇಗವಾದಂತೆಲ್ಲ ಇಂತಹವರ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಪ್ರಿಯರೇ, ಕಾಂತೀಯ ಸಂವೇದಕ ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಬರಲು ಎಷ್ಟು ವರ್ಷ ಬೇಕಾದೀತೋ, ಅದು ಬರಲೆಂದು ಹಾರೈಸೋಣ. ಅಷ್ಟರವರೆಗೆ ನಮ್ಮಿಂದ ಆಗುವ ಮೂರು ಕೆಲಸಗಳಿವೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಯಾವ ಯಾವ ಪರೀಕ್ಷೆಗಳಾಗುತ್ತವೆ ಎಂಬುದನ್ನು ಕೇಳಿ ತಿಳಿದು, ನೆರೆಹೊರೆಯವರಿಗೂ ತಿಳಿಸಿ. ಎದೆನೋವನ್ನು ವಾಯುವೆಂದು ತಳ್ಳಿಹಾಕಿ ಬೆಳಗಾಗುವುದನ್ನು ಕಾಯಬೇಡಿ. ನೆರೆಮನೆಯವರು ರಕ್ತಪರೀಕ್ಷೆಗೆಂದು ಹೊರಟಾಗ, ಅಂದಿನ ಕೂಲಿಯ ಚಿಂತೆಯಲ್ಲಿ ಅವರು ಅರ್ಧದಾರಿಯಿಂದ ಹಿಂತಿರುಗದಂತೆ ನಿಮ್ಮ ಮನೆಯಿಂದ ಒಬ್ಬರಾದರೂ ಜೊತೆಗೆ ಹೋಗಿ ಬನ್ನಿ.